ಸುಸ್ಥಿತಿ ಎಂದು ಬರೆಯದ ಈರೇಗೌಡರು

"ವಾಕಿಟಾಕಿ ಮೂರನೆಯದು: ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ನಾಲ್ಕನೆಯದು: ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಟಾರ್ಚ್ ಎರಡು: ತೊಡೆಗೆ ಬಡಿದರೆ ಉರಿಯುತ್ತವೆ. ರೇನ್‌ಕೋಟ್ ಆರು: ಹಾಕಿಕೊಂಡವರೂ ಹಾಕಿಕೊಳ್ಳದವರೂ ಸಮವಾಗಿ ನೆನೆಯುತ್ತಾರೆ."

ಇದು ಒಂದು ಪೊಲೀಸ್ ಠಾಣೆಯ ಸಾಮಾನುಗಳ ಪಟ್ಟಿ ಎಂದರೆ ಯಾರೂ ನಂಬಲಿಕ್ಕಿಲ್ಲ. ದುಂಡನೆಯ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ ಇದನ್ನು ಬರೆದವರು ನಮ್ಮ ಹೆಡ್ ಕಾನ್‌ಸ್ಟೇಬಲ್ ಈರೇಗೌಡರು.

ಬಿಸಿಲೆ ಕಡೆಗೆ ಹೋಗುವ ರಸ್ತೆಯ ಬದಿಯ ಸಣ್ಣ ಠಾಣೆಗೆ ನಾನು ಹೊಸ ಕಾನ್‌ಸ್ಟೇಬಲ್ ಆಗಿ ಬಂದಾಗ ಅವರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆಲೂರು ತಾಲ್ಲೂಕಿನ ಮಗ್ಗೆಯವರು. ತೆಳ್ಳಗೆ, ಉದ್ದಕ್ಕೆ ಇದ್ದರು. ಠಾಣೆಯ ಸ್ಟೋರಿನ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಮೊದಲ ದಿನವೇ ನನ್ನ ತಲೆಗೆ ಒಂದು ಹೆಲ್ಮೆಟ್ ಇಟ್ಟರು. ಅದು ಸರಕ್ಕನೆ ಮೂಗಿನವರೆಗೂ ಇಳಿಯಿತು.

"ನೋಡ್ರಪ್ಪ, ಹೆಲ್ಮೆಟ್ ಐತೆ, ಹುಡ್ಗಿನೇ ಕಾಣಿಸ್ತಿಲ್ಲ!" ಎಂದು ಅವರು ಹೇಳಿದ್ದಕ್ಕೆ ಇಡೀ ಠಾಣೆ ನಕ್ಕಿತು. ನಾನು ಹೆಲ್ಮೆಟ್ಟಿನ ಒಳಗೇ ನಕ್ಕೆ. ಮಾರನೆಯ ದಿನ ಅದರೊಳಗೆ ಹಳೆಯ ಟವೆಲನ್ನು ಮಡಿಸಿ ಹೊಲಿದು ತಂದಿದ್ದರು. ರೇನ್‌ಕೋಟಿನ ತೂತುಗಳಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸುವುದು, ವಾಕಿಟಾಕಿಯ ಬ್ಯಾಟರಿ ಕಳಚಿಕೊಳ್ಳದಂತೆ ರಬ್ಬರ್ ಸುತ್ತುವುದು, ಇವೆಲ್ಲ ಅವರ ಬಿಡುವಿನ ಕೆಲಸಗಳು. ರಿಪೇರಿ ಮಾಡಲು ಅವರಿಗೆ ಬೇಸರವಿರಲಿಲ್ಲ. ಆದರೆ ರಿಪೇರಿ ಮಾಡಿದ್ದನ್ನು ಹೊಸದೆಂದು ಬರೆಯಲು ಮಾತ್ರ ಒಪ್ಪುತ್ತಿರಲಿಲ್ಲ.

ಪ್ರತಿ ವರ್ಷ ಪಟ್ಟಿಯಲ್ಲಿ ಎಲ್ಲ ವಸ್ತುಗಳ ಮುಂದೆಯೂ "ಸುಸ್ಥಿತಿಯಲ್ಲಿದೆ" ಎಂದು ಬರೆದು ಕಳಿಸುವುದು ರೂಢಿ. ಹಾಗೆ ಬರೆದರೆ ಯಾರೂ ಏನೂ ಕೇಳುವುದಿಲ್ಲ. ಈರೇಗೌಡರ ಪಟ್ಟಿ ನೋಡಿದ ನಮ್ಮ ಸಬ್‌ಇನ್‌ಸ್ಪೆಕ್ಟರ್ ತಲೆ ಮೇಲೆ ಕೈ ಹೊತ್ತರು.

"ಏನ್ರೀ ಇದು? ನಾಳೆ ಮೇಲಿನವರು ನನ್ನನ್ನ ಕೇಳ್ತಾರೆ. ಬದಲಾಯಿಸಿ ಬರೀರಿ."

"ಸಾ, ಸುಸ್ಥಿತಿ ಅಂತ ಬರ್ದು ಬರ್ದೇ ಹೊಸಾದು ಬರ್ನಿಲ್ಲ ಕಣ್ ಸಾ. ಚೆನ್ನಾಗೈತೆ ಅಂದೋರ ಮನೆಗೆ ಡಾಕ್ಟ್ರು ಯಾಕ್ ಬಂದಾನು?"

"ನಿಮಗೆ ಮೆಮೊ ಕೊಡಬೇಕಾಗುತ್ತೆ."

"ಕೊಡಿ ಸಾ. ಅದುಕ್ಕೂ ಉತ್ರ ಬರೀತೀನಿ."

ಮೆಮೊ ಬಂತು. ನಿವೃತ್ತಿಯ ಹೊಸ್ತಿಲಲ್ಲಿ ಅಂಥ ಕಾಗದ ಯಾರಿಗೂ ಬೇಡ. ಅವರು ಅಂದು ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟಿದ್ದನ್ನು ನಾನು ನೋಡಿದೆ. ಆದರೂ ಪಟ್ಟಿ ಬದಲಾಗಲಿಲ್ಲ.

ಆಷಾಢದಲ್ಲಿ ವಾರ್ಷಿಕ ತಪಾಸಣೆಗೆಂದು ಮೇಲಧಿಕಾರಿ ಬಂದರು. ಹೊಸದಾಗಿ ಜಿಲ್ಲೆಗೆ ಬಂದಿದ್ದ ಮೇಡಂ. ನಮ್ಮ ಸಾಹೇಬರು ತಾವೇ ಟೈಪ್ ಮಾಡಿಸಿದ ಇನ್ನೊಂದು ಪಟ್ಟಿಯನ್ನು ಮೇಜಿನ ಮೇಲೆ ಸಿದ್ಧವಾಗಿ ಇಟ್ಟಿದ್ದರು. ಮೇಡಂ ಅದನ್ನು ಮುಟ್ಟಲೇ ಇಲ್ಲ. "ಸ್ಟೋರ್ ನೋಡಿಕೊಳ್ಳೋರು ಯಾರು?" ಎಂದು ಕೇಳಿದರು. ಈರೇಗೌಡರು ಮುಂದೆ ಬಂದು ಸೆಲ್ಯೂಟ್ ಹೊಡೆದು, ಕೈಬರಹದ ತಮ್ಮ ಪಟ್ಟಿಯನ್ನೇ ಕೊಟ್ಟರು. ಸಾಹೇಬರ ಮುಖ ಬಿಳಿಚಿತು.

ಓದುತ್ತಾ ಓದುತ್ತಾ ಮೇಡಂ ಒಂದು ಕಡೆ ನಿಂತರು. "ಇದೇನ್ರೀ, ಸಮವಾಗಿ ನೆನೆಯುತ್ತಾರೆ ಅಂತ ಬರೆದಿದ್ದೀರಿ?"

"ಪರೀಕ್ಷೆ ಮಾಡೇ ಬರ್ದಿವ್ನಿ ಮೇಡಂ. ನಾನು ಹಾಕ್ಕಂಡೆ, ಈ ಹುಡ್ಗಿ ಹಾಕ್ಕಳ್ನಿಲ್ಲ. ಇಬ್ರೂ ಗೇಟ್ ತಂಕ ಹೋಗ್ ಬಂದ್ವಿ. ಹಿಂಡುದ್ರೆ ಇಬ್ರ ಬಟ್ಟೇಲೂ ಅಷ್ಟಷ್ಟೇ ನೀರು."

ಅದು ನಿಜ. ಆ ದಿನ ಹಿಂಡಿದ ನೀರು ಹಿಡಿಯಲು ಎರಡು ಬಕೆಟ್ ತಂದು ಅಕ್ಕಪಕ್ಕ ಇಟ್ಟವಳು ನಾನೇ.

"ಒಂದು ಕೊಡಿ ಇಲ್ಲಿ," ಎಂದರು ಮೇಡಂ.

ಹೊರಗೆ ಮಳೆ ಸುರಿಯುತ್ತಿತ್ತು. ಅವರು ಟ್ಯೂಬಿನ ತೇಪೆಗಳಿದ್ದ ಆ ಕೋಟು ತೊಟ್ಟು ಅಂಗಳಕ್ಕೆ ಇಳಿದೇಬಿಟ್ಟರು. ಡ್ರೈವರ್ ಕೊಡೆ ಹಿಡಿದು ಓಡಿದ. ಕೈಬೀಸಿ ಅವನನ್ನು ಹಿಂದಕ್ಕೆ ಕಳಿಸಿದರು. ಗೇಟು ಮುಟ್ಟಿ ವಾಪಸು ಬಂದು ನಿಂತಾಗ ಅವರ ತೋಳಿನ ತುದಿಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಈರೇಗೌಡ್ರೇ, ನೀವು ಬರೆದಿರೋದು ತಪ್ಪು."

ಈರೇಗೌಡರ ಮುಖ ಇಳಿದುಹೋಯಿತು.

"ಇದನ್ನ ಹಾಕಿಕೊಂಡ್ರೆ ಇನ್ನೂ ಜಾಸ್ತಿ ನೆನೀತೀವಿ," ಎಂದು ಹೇಳಿ ಮೇಡಂ ಗಟ್ಟಿಯಾಗಿ ನಕ್ಕರು. ನಮ್ಮಲ್ಲಿ ಮೊದಲು ಯಾರು ನಕ್ಕರೋ ತಿಳಿಯದು, ಕೊನೆಗೆ ನಮ್ಮ ಸಾಹೇಬರೂ ನಗುತ್ತಿದ್ದರು. ಮೇಡಂ ಒದ್ದೆ ಕೈಯಲ್ಲೇ ಪಟ್ಟಿಯ ಅಡಿಯಲ್ಲಿ "ಎಲ್ಲವನ್ನೂ ಬದಲಾಯಿಸಿ" ಎಂದು ಬರೆದು ಸಹಿ ಮಾಡಿದರು. ಮೆಮೊ ಏನಾಯಿತೆಂದು ಆಮೇಲೆ ಯಾರೂ ಕೇಳಲಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲು ವ್ಯಾನು ಬಂತು. ಈರೇಗೌಡರು ಸೋಪು ಹಚ್ಚಿ ಕೈ ತೊಳೆದುಕೊಂಡೇ ಪೆಟ್ಟಿಗೆ ಬಿಚ್ಚಿದರು. ಹೊಸ ರೇನ್‌ಕೋಟನ್ನು ಮೂಗಿಗೆ ಹಿಡಿದು, "ವಾಸ್ನೆ ನೋಡಮ್ಮ, ಹಬ್ಬುದ್ ಬಟ್ಟೆ ಇದ್ದಂಗೈತೆ" ಎಂದರು. ಹೊಸ ಹೆಲ್ಮೆಟ್ ನನ್ನ ತಲೆಗೆ ಸರಿಯಾಗಿ ಕೂತದ್ದನ್ನು ನಾಲ್ಕೂ ಕಡೆಯಿಂದ ನೋಡಿದರು. ಆಮೇಲೆ ಹೊಸ ವಾಕಿಟಾಕಿ ಹಿಡಿದು ಜೀಪು ಹತ್ತಿದರು. ಬಿಸಿಲೆ ರಸ್ತೆಯಲ್ಲಿ ಒಂದು ತಿರುವು ದಾಟಿದರೆ ಹಳೆಯ ಸೆಟ್ಟುಗಳೂ ಮೊಬೈಲುಗಳೂ ಬಾಯಿ ಮುಚ್ಚಿಬಿಡುತ್ತಿದ್ದವು. ಅಲ್ಲಿಂದಾಚೆಗೆ ಏನಾದರೂ ತಿಳಿಸಬೇಕಾದರೆ ಯಾರಾದರೂ ಹಿಂದಕ್ಕೆ ಓಡಿ ಬರಬೇಕಿತ್ತು. ನಾವು ಠಾಣೆಯಲ್ಲಿ ಮೇಜಿನ ಸುತ್ತ ನಿಂತು ಕಾದೆವು.

"ಠಾಣೆ, ಠಾಣೆ. ನಾನು ಈರೇಗೌಡ. ತಿರುವು ದಾಟಿವ್ನಿ. ಕೇಳ್ತೈತಾ?"

"ಕೇಳ್ತಿದೆ ಸರ್!" ಎಂದು ಕಿರುಚಿದೆ.

"ಕಿರುಚ್‌ಬ್ಯಾಡ ಕಣಮ್ಮ. ಇನ್ಮೇಲೆ ಯಾರೂ ಕಿರುಚ್ಬೇಕಾಗಿಲ್ಲ."

ಆ ಮಳೆಗಾಲದ ಒಂದು ಮಧ್ಯಾಹ್ನ ಅದೇ ತಿರುವಿನಾಚೆ ಕಾಫಿ ತೋಟದಿಂದ ಒಂಟಿ ಆನೆಯೊಂದು ರಸ್ತೆಗೆ ಇಳಿಯಿತು. ಗಸ್ತಿನಲ್ಲಿದ್ದ ಈರೇಗೌಡರು ಜೀಪಿನಿಂದ ವಾಕಿಟಾಕಿಯಲ್ಲಿ ಮೆಲ್ಲನೆ, "ಆನೆ ರೋಡಲ್ಲೈತೆ. ಗಾಡಿ ಬುಡ್ಬ್ಯಾಡ" ಎಂದರು. ನಾನು ಹೊರಗೆ ಓಡಿ, ಎಸ್ಟೇಟಿನ ಕೆಲಸದವರನ್ನು ತುಂಬಿಕೊಂಡು ಆ ಕಡೆಗೇ ಹೊರಟಿದ್ದ ಪಿಕಪ್ಪಿಗೆ ಕೈ ಅಡ್ಡ ಹಿಡಿದೆ. ಹೆಂಗಸರು ಗಾಡಿಯಿಂದ ಇಳಿದು ಠಾಣೆಯ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡರು. ಆನೆ ಕಾಡು ಸೇರಿದೆಯೆಂದು ಸುದ್ದಿ ಬಂದ ಮೇಲೆ ಅವರೆಲ್ಲ ಹಾಡು ಹೇಳುತ್ತಾ ಹೋದರು.

ಈರೇಗೌಡರ ಸೇವೆಯ ಕೊನೆಯ ದಿನ ಹಾರ, ಸಿಹಿ, ಫೋಟೊ ಎಲ್ಲ ಮುಗಿದವು. ಸಾಹೇಬರು ಜೀಪಿನಲ್ಲಿ ಕಳಿಸುತ್ತೇನೆ ಎಂದರೂ ಒಪ್ಪದೆ ಬಸ್ ಸ್ಟಾಪಿಗೆ ನಡೆದರು. ನಾನು ಅವರ ಚೀಲ ಹಿಡಿದು ಹೋದೆ. ಆ ಪಟ್ಟಿಯ ವಿಷಯದಲ್ಲಿ ಅಷ್ಟೊಂದು ಹಟ ಯಾಕೆ ಹಿಡಿದಿರಿ ಸರ್ ಎಂದು ಅವತ್ತು ಕೇಳಿಯೇಬಿಟ್ಟೆ.

"ಧರ್ಮಪ್ಪ ಅಂತ, ನನ್ ಜತೇಲೇ ಕೆಲ್ಸಕ್ಕೆ ಸೇರ್ದೋನು. ಸಂಜೆ ಡ್ಯೂಟೀಲಿ ಅವನ ಟಾರ್ಚ್ ಉರೀನಿಲ್ಲ. ಮೋರಿಗ್ ಬಿದ್ದು ಕಾಲ್ ಮುರ್ಕಂಡ. ಆ ಟಾರ್ಚಿಗೆ ಸುಸ್ಥಿತಿ ಅಂತ ಬರ್ದೋನು ನಾನೇ ಕಣಮ್ಮ. ಉರಿಸಿ ನೋಡೇ ಇರ್ನಿಲ್ಲ."

"ಈಗ ಹೇಗಿದ್ದಾರೆ ಅವರು?" ಎಂದೆ.

"ಕುಂಟ್ತಾನೆ. ನನ್ ಮಗಳ ಮದ್ವೇಲಿ ಕುಂಟ್ಕಂಡೇ ಕುಣ್ದ. ಒಂದಿನಾನೂ ನನ್ ಬೈನಿಲ್ಲ, ಅದೇ ತಡ್ಯಾಕಾಗ್ನಿಲ್ಲ."

ಬಿಸಿಲೆ ಕಡೆಯಿಂದ ಬಸ್ಸು ಬಂತು. ನಿಲ್ಲುವ ಮೊದಲೇ ಕಿಟಕಿಯಿಂದ ಒಂದು ಬಿಳಿ ತಲೆ ಹೊರಬಂದು ಕೂಗಿತು: "ಲೋ ಈರ, ಸೀಟ್ ಹಿಡ್ದಿವ್ನಿ! ಬಿರ್ರನೆ ಹತ್ತೋ ಮಾರಾಯ!"

"ಇವ್ನೇ ಕಣಮ್ಮ," ಎಂದರು ಈರೇಗೌಡರು. ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಗೆಳೆಯನಿಗೆ ಕಿಟಕಿ ಪಕ್ಕದ ಸೀಟು ಸಿಗಲೆಂದು ಧರ್ಮಪ್ಪನವರು ಬೆಳಿಗ್ಗೆಯೇ ಬಿಸಿಲೆಯವರೆಗೆ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬಂದಿದ್ದರಂತೆ.

ಸ್ವಲ್ಪ ದಿನಕ್ಕೆ ನನಗೆ ಬೇರೆ ಕಡೆ ವರ್ಗವಾಯಿತು. ಈರೇಗೌಡರನ್ನು ಮತ್ತೆ ನೋಡಲಾಗಿಲ್ಲ. ನಾನು ಕೊನೆಯ ಸಲ ನೋಡಿದಾಗ ಅವರು ಹಾರದ ಸಮೇತ ಧರ್ಮಪ್ಪನವರ ಪಕ್ಕದಲ್ಲಿ ಕೂತಿದ್ದರು. ಕಿಟಕಿಯ ಸೀಟಿನಲ್ಲಿ ನೀನು ಕೂರು, ನೀನು ಕೂರು ಎಂದು ಇಬ್ಬರೂ ಎಳೆದಾಡುತ್ತಿರುವಾಗಲೇ ಬಸ್ಸು ಹೊರಟಿತು.