ಬಳೆ ಹೆಚ್ಚಿದವು

ಬಸವಕಲ್ಯಾಣದ ಪೇಟೆಯಲ್ಲಿ ಸೊಸೆ ಬಸಿರಾದದ್ದು ಅತ್ತೆಗಿಂತ ಮೊದಲು ಬಳೆ ಅಂಗಡಿಯ ಲತೀಫಾಗೆ ತಿಳಿಯುತ್ತಿತ್ತು. ಕೈ ಒತ್ತಿ ಬಳೆ ಏರಿಸುವಾಗ ಊತ ಬೆರಳಿಗೇ ಸಿಗುತ್ತದೆ. ಯಾರ ಮೈಯಲ್ಲಿ ಜ್ವರ ಉಳಿದಿದೆ, ಯಾರು ಊಟ ಬಿಟ್ಟು ಅಳುತ್ತಿದ್ದಾರೆ, ಅದೂ ಗೊತ್ತಾಗುತ್ತದೆ. ಆದರೆ ಬಾಯಿ ಬಿಡುವಂತಿಲ್ಲ. ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಗಂಡ ಜಲಾಲುದ್ದೀನ್ ಕಲಿಸಿದ್ದು ಎರಡೇ ಮಾತು. ಕೈ ಹೇಳಿದ್ದನ್ನು ಅಂಗಡಿಯಲ್ಲೇ ಬಿಡಬೇಕು. ಬಳೆ ಒಡೆದರೆ ‘ಒಡೆಯಿತು’ ಅನ್ನಬಾರದು, ಅಪಶಕುನ; ‘ಹೆಚ್ಚಿತು’ ಅನ್ನಬೇಕು. ಗಂಡ ತೀರಿಹೋದ ಮೇಲೂ ಆಕೆ ಎರಡನ್ನೂ ಮೀರಿರಲಿಲ್ಲ.

ಹೊಗಳುವುದನ್ನು ಮಾತ್ರ ಅವಳು ತಾನೇ ಕಲಿತಿದ್ದಳು. ಬಂದ ಹುಡುಗಿಯರಿಗೆಲ್ಲ ಎಂಥ ನಾಜೂಕು ಕೈ ಎನ್ನುವುದು, ಸೋಪಿನ ನೀರು ಸವರಿ ಒಂದಳತೆ ಸಣ್ಣದನ್ನೇ ಏರಿಸುವುದು. ಹುಡುಗಿಯರು ಉಬ್ಬಿಹೋಗುತ್ತಿದ್ದರು, ವ್ಯಾಪಾರವೂ ಆಗುತ್ತಿತ್ತು. ಇದರಲ್ಲಿ ಪಾಪವೇನು ಬಂತು ಅಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ!

ಕಿರಾಣಿ ಧನರಾಜನ ಮಗಳು ಸ್ನೇಹಲ್ ಮೂರು ವರ್ಷದ ಹಿಂದೆ ಪಂಚಮಿಗೆ ಬಂದಾಗ ಗುಂಡಗುಂಡಗಿದ್ದಳು. ಎರಡು-ಆರರ ದೊಡ್ಡ ಅಳತೆಯ ಬಳೆಯೂ ಬಿಗಿ. ಇನ್ನಷ್ಟು ನಾಜೂಕಾದರೆ ಎರಡು-ನಾಲ್ಕರಲ್ಲಿ ರಾಣಿಯಂತೆ ಕಾಣುತ್ತೀ ಎಂದು ಲತೀಫಾ ನಕ್ಕಿದ್ದಳು. ಹೋದ ಪಂಚಮಿಗೆ ಎರಡು-ನಾಲ್ಕು ಸಲೀಸಾಗಿ ಏರಿದಾಗ ತಾಯಿ ಭಾಗಮ್ಮ ಹಿಗ್ಗಿದಳು. ಬೆಳೆಯುವ ಹುಡುಗಿಯ ಅಳತೆ ಇಳಿಯುತ್ತದೆಯೇ ಎಂದು ಲತೀಫಾಗೆ ಒಳಗೇ ಚುರುಕ್ಕೆಂದಿತ್ತು. ಆದರೂ ಬಳೆಯ ದುಡ್ಡು ಎಣಿಸಿ ಗಲ್ಲಕ್ಕೆ ಹಾಕಿದ್ದಳು.

ಈಗ ಸ್ನೇಹಲ್‌ಗೆ ಹದಿನೇಳು. ಹುಮನಾಬಾದಿನ ಕಾಲೇಜಿಗೆ ಬೆಳಗಿನ ಬಸ್ಸು. ಮನೆಯಲ್ಲಿ ತುಪ್ಪಕ್ಕೆ ಬರವಿಲ್ಲ. ಆದರೆ ರೊಟ್ಟಿ, ಬೇಳೆ, ಶೇಂಗಾ ಹಿಂಡಿಯ ಡಬ್ಬಿ ದಿನವೂ ಗೆಳತಿಯರ ಪಾಲು. ಅವಳಿಗೆ ಅರ್ಧ ಕಪ್ ಚಹಾ, ಒಂದು ಚಿಪ್ಸ್ ಪೊಟ್ಟಣ ಸಾಕು. ಕಾಲೇಜಿನಲ್ಲಿ ಕೊಟ್ಟ ರಕ್ತ ಏರಿಸುವ ಗುಳಿಗೆ ಬಸ್ಸಿನ ಕಿಟಕಿಯಾಚೆ. ಇದನ್ನೆಲ್ಲ ಅದೇ ಬಸ್ಸಿನ ಹುಡುಗಿಯರು ಬಳೆ ಹಾಕಿಸಿಕೊಳ್ಳುತ್ತ ಲತೀಫಾಗೆ ಹೇಳಿದ್ದರು.

ಈ ಪಂಚಮಿಯ ಮುನ್ನಾದಿನ ತಾಯಿ ಮಗಳು ಬಂದರು. ಲತೀಫಾ ಕೈ ಹಿಡಿದಳು. ಅಂಥ ಸೆಖೆಯಲ್ಲೂ ಕೈ ತಣ್ಣಗಿತ್ತು, ಉಗುರು ಒತ್ತಿದರೆ ಕೆಂಪೇ ಮರಳಲಿಲ್ಲ. ಸೋಪು ಬೇಕಾಗಲಿಲ್ಲ. ಎರಡು-ನಾಲ್ಕರ ಒಂದು ಡಜನ್ ಹಸಿರು ಬಳೆ ತಾವಾಗಿ ಒಳಹೋದವು. ಹುಡುಗಿ ಕೈ ಇಳಿಬಿಟ್ಟಳು, ಅಷ್ಟೂ ಜಾರಿ ಕಲ್ಲಿನ ನೆಲಕ್ಕೆ ಬಿದ್ದು ಚೂರಾದವು.

“ಹೆಚ್ಚಿದ್ವು, ಇರ್ಲಿ ಬಿಡ್ರಿ ಲತೀಫಾಬಿ,” ಎಂದಳು ಭಾಗಮ್ಮ. “ಇನ್ನೂ ಸಣ್ಣ ಅಳತಿ ತೋರ್ಸ್ರಿ. ಕೈ ನಾಜೂಕ ಆಗ್ಯಾವಲ್ಲ.”

ಆ ಮಾತಿಗೆ ಸ್ನೇಹಲ್ ನಕ್ಕಳು. ಬಿಳಿಚಿದ ತುಟಿಯ ಆ ನಗು ಕಂಡು ಲತೀಫಾ ಸಣ್ಣ ಬಳೆಗೆ ಚಾಚಿದ ಕೈ ಹಿಂದೆಗೆದಳು. ನಾಜೂಕು ಎಂಬುದು ತನ್ನದೇ ಮಾತು, ಹುಡುಗಿಯ ಮೈಯನ್ನು ತಿನ್ನುತ್ತ ಕುಳಿತಿತ್ತು.

“ಹೆಚ್ಚಿಲ್ಲರಿ ಅಕ್ಕಾ, ಒಡದಾವ,” ಎಂದಳು. “ನಿಮ್ಮ ಹುಡುಗಿ ಕಮ್ಮಿ ಆಗಾಕತ್ತಾಳ. ನನ್ನ ಮಾತ ಕೇಳಿ ಉಣ್ಣೂದು ಬಿಟ್ಟಾಳ. ಸಣ್ಣ ಅಳತಿ ನಾ ಕೊಡಂಗಿಲ್ಲ. ದವಾಖಾನಿಗೆ ಕರಕೊಂಡು ಹೋಗ್ರಿ.”

ಹಬ್ಬದ ಹೊತ್ತಿನಲ್ಲಿ, ಮದುವೆಯಾಗದ ಮಗಳೆದುರು ಆ ಶಬ್ದ! ಭಾಗಮ್ಮನಿಗೆ ಮೈಯೆಲ್ಲ ಉರಿಯಿತು. ನಿನ್ನ ಅಂಗಡಿಯ ಮೆಟ್ಟಿಲು ಇನ್ನೊಮ್ಮೆ ಹತ್ತಿದರೆ ಕೇಳು ಎಂದು ಬೈದು, ಮಗಳ ಮಣಿಕಟ್ಟು ಹಿಡಿದು ಎಳೆದುಕೊಂಡು ಹೊರಟಳು.

ಒಂದು ಮೆಟ್ಟಿಲು ಇಳಿದು ನಿಂತಳು. ಅವಳ ಬೆರಳುಗಳು ಆ ಮಣಿಕಟ್ಟನ್ನು ಸುತ್ತಿ, ಒಂದರ ಮೇಲೊಂದು ಏರಿದರೂ ಒಳಗೆ ಇನ್ನೂ ಜಾಗ ಉಳಿದಿತ್ತು. ಹಡೆದವಳು ಆ ಕೈ ಹಿಡಿದು ಎಷ್ಟು ದಿನವಾಗಿತ್ತೋ. ಅವಳಿಗೆ ಮುಂದಿನ ಮೆಟ್ಟಿಲು ಇಳಿಯಲಾಗಲಿಲ್ಲ.