ಆರ್ಡಿಸ್ ಮನೆ ಬಾಗಿಲ ನೋಟೀಸು

ಸೋಮವಾರ ಸಂಜೆ ಆರಕ್ಕೆ ಕೌನ್ಸಿಲ್ ಸಭೆ ಇದ್ದರೆ, ಶುಕ್ರವಾರ ಸಂಜೆ ಆರರೊಳಗೆ ಆರ್ಡಿಸ್ ಪೆಲ್ಕಿಯ ಮನೆ ಬಾಗಿಲಿಗೆ ನೋಟೀಸು ಬೀಳಲೇಬೇಕು. ಎಪ್ಪತ್ತೆರಡು ಗಂಟೆ. ಐದು ನಿಮಿಷ ತಡವಾದರೂ ಯಾರಾದರೂ ತಕರಾರು ತೆಗೆದಾರು, ನಮ್ಮೂರಲ್ಲಿ ತಕರಾರು ತೆಗೆಯೋರಿಗೇನು ಬರವೇ? ಅಂಟಿಸುವವಳು ನಾನು, ನೋರೀನ್, ಟೂಲಿ ಕ್ರಾಸಿಂಗ್ ಪುರಸಭೆಯ ಕ್ಲರ್ಕು. ಇಪ್ಪತ್ತು ವರ್ಷದಿಂದ ಈ ಊರಿನ ಜಗಳಗಳನ್ನೆಲ್ಲ ನಡಾವಳಿ ಪುಸ್ತಕಕ್ಕೆ ಇಳಿಸಿದ್ದೇನೆ.

ಆರ್ಡಿಸ್ ನಮ್ಮ ಐವರು ಸದಸ್ಯರಲ್ಲಿ ಒಬ್ಬಳು. ಮೂವತ್ತೊಂದು ವರ್ಷ ಶಾಲೆ ಬಸ್ಸು ಓಡಿಸಿದವಳು. ಊರಿನ ಅರ್ಧ ಜನ ಅವಳ ಕೈಲಿ ಬೈಸಿಕೊಂಡೇ ದೊಡ್ಡವರಾದದ್ದು. ಗಂಡ ತೀರಿಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಆಮೇಲೆ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ಆಮ್ಲಜನಕದ ಕೊಳವೆ, ಹತ್ತು ಹೆಜ್ಜೆ ಇಟ್ಟರೆ ಏದುಸಿರು. ಹಾಗಾಗಿ ಅವಳು ಅಡುಗೆಮನೆಯಲ್ಲಿ ಕೂತು ವಿಡಿಯೋದಲ್ಲಿ ಸಭೆಗೆ ಬರುತ್ತಿದ್ದಳು.

ಬರಬಹುದು, ಆದರೆ ನಿಯಮ ಇದೆಯಲ್ಲ. ಸದಸ್ಯೆ ಎಲ್ಲಿ ಕೂತಿದ್ದಾಳೋ ಅದೂ ಸಭೆಯ ಜಾಗವೇ. ವಿಳಾಸ ನೋಟೀಸಿನಲ್ಲಿರಬೇಕು, ಬಾಗಿಲು ತೆರೆದಿರಬೇಕು, ಊರಿನ ಯಾವನೇ ಬಂದರೂ ಒಳಗೆ ಬಿಟ್ಟುಕೊಳ್ಳಬೇಕು, ಅಲ್ಲಿಂದಲೇ ಅವನಿಗೆ ಮೂರು ನಿಮಿಷ ಮಾತಾಡಲು ಕೊಡಬೇಕು.

ಆರ್ಡಿಸ್ ಐದು ಕುರ್ಚಿ ಸಾಲಾಗಿ ಇಡುತ್ತಿದ್ದಳು. ಬಾಳೆಹಣ್ಣಿನ ಬ್ರೆಡ್ಡು ಬೇಯಿಸುತ್ತಿದ್ದಳು. ಏಳು ತಿಂಗಳು ಒಂದು ನರಪಿಳ್ಳೆಯೂ ಬರಲಿಲ್ಲ. ಮಂಗಳವಾರ ನೋಟೀಸು ಕೀಳಲು ಹೋದಾಗ ಇಡೀ ಬ್ರೆಡ್ಡು ನನ್ನ ಕೈಗೆ.

"ಮುಖ ಯಾಕೆ ಸಣ್ಣಗೆ ಮಾಡ್ತೀಯ? ಅವರು ಬರ್ಲಿಲ್ಲ ಅಂತ ತಾನೇ ನಿನಗೆ ಸಿಕ್ಕಿದ್ದು," ಅನ್ನುವಳು.

ಎಂಟನೇ ತಿಂಗಳು ಡೆಲಿಯೋ ಬೋರ್ಬಾ ಬಂದ. ಹಸುಗಳನ್ನೆಲ್ಲ ಮಾರಿ ಡೈರಿ ಮುಚ್ಚಿ, ಮಾಡೋಕೆ ಕೆಲಸವಿಲ್ಲದೆ ಪುರಸಭೆಯ ಮೇಲೆ ಹಲ್ಲು ಮಸೆಯುತ್ತಿದ್ದ ಮನುಷ್ಯ. ಸಭಾಂಗಣದ ತೆರೆಯ ಮೇಲೆ ಆರ್ಡಿಸ್ ಹಿಂದೆ ಅವನ ಟೋಪಿ ಕಾಣಿಸಿತು.

"ಕೌನ್ಸಿಲ್ ಅಮ್ಮಾವ್ರೇ, ಪುರಸಭೇಲಿ ಕಾಫಿ ಕೊಡಲ್ಲ. ಇಲ್ಲಿ ಉಂಟಾ?"

"ಬಾಯಿ ಮುಚ್ಕೊಂಡು ಕೂತ್ರೆ ಉಂಟು."

"ಮುಚ್ಚೋಕೆ ಬಂದಿಲ್ಲ. ಕಾನೂನು ನನಗೆ ಮೂರು ನಿಮಿಷ ಕೊಟ್ಟಿದೆ."

ಅಲ್ಲಿಂದ ಪ್ರತಿ ತಿಂಗಳೂ ಬಂದ. ನೀರಿನ ದರಕ್ಕೆ ವಿರೋಧ, ಬೀದಿ ದೀಪಕ್ಕೆ ವಿರೋಧ, ಆರ್ಡಿಸ್ ಹೂಂ ಅಂದದ್ದಕ್ಕೆಲ್ಲ ಅವನದು ಉಹೂಂ. "ಅಲ್ಲ ಮಹಾರಾಯ್ತಿ, ಊರನ್ನೇನು ಬಸ್ಸು ಅನ್ಕೊಂಡಿದ್ದೀಯಾ?" ಅಂತ ಅವಳ ಮುಖಕ್ಕೇ ಕೇಳುವನು. ಸಭಾಂಗಣದಲ್ಲಿ ಜನ ನಗುವರು. ನನಗೆ ಮೈ ಉರಿಯುತ್ತಿತ್ತು. ಕಾಯಿಲೆ ಹೆಂಗಸನ್ನು ಅವಳ ಅಡುಗೆಮನೆಯಲ್ಲೇ ಗೋಳು ಹೊಯ್ದುಕೊಳ್ಳುತ್ತಿದ್ದಾನಲ್ಲ ಅಂತ.

ಅಷ್ಟರಲ್ಲಿ ರಾಜ್ಯ ಸರ್ಕಾರ ನಿಯಮ ಸಡಿಲಿಸಿತು. ಕಾಯಿಲೆಯ ಸದಸ್ಯರು ವಿಳಾಸ ಕೊಡಬೇಕಿಲ್ಲ, ಬಾಗಿಲು ತೆರೆಯಬೇಕಿಲ್ಲ. ಊರಿನ ಕೌನ್ಸಿಲ್ ಒಪ್ಪಿದರೆ ಸಾಕು. ನಾನು ವಾರವೆಲ್ಲ ಕೂತು ಠರಾವು ಬರೆದೆ. ವಕೀಲರನ್ನು ಕೇಳಿದೆ, ಮೇಯರನ್ನು ಕೇಳಿದೆ, ಪೊಲೀಸರನ್ನೂ ಕೇಳಿದೆ. ಆರ್ಡಿಸ್‌ಗೆ ಸಂತೋಷದ ಸುದ್ದಿ ಸಭೆಯಲ್ಲೇ ಗೊತ್ತಾಗಲಿ ಅಂತ ಬಾಯಿ ಬಿಡಲಿಲ್ಲ. ಎಂಥ ಬುದ್ಧಿವಂತೆ ನಾನು!

ನಾಲ್ಕು ಪರ, ಒಂದು ವಿರೋಧ. ಆ ಒಂದು ಆರ್ಡಿಸ್‌ದು.

"ನಿಮ್ಮ ಸುರಕ್ಷತೆಗೇ ಅಲ್ವಾ ಇದು?" ಅಂದರು ಮೇಯರ್, ಕಕ್ಕಾಬಿಕ್ಕಿಯಾಗಿ.

"ಬಾಗಿಲು ತೆರೆದಿದ್ರೆ ನನಗೇನೂ ತೊಂದ್ರೆ ಇರ್ಲಿಲ್ಲ," ಅಂದಳು. ಅವಳ ಹಿಂದೆ ಡೆಲಿಯೋ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆವತ್ತು ಅವನು ತನ್ನ ಮೂರು ನಿಮಿಷ ಕೇಳಲಿಲ್ಲ.

ಹೊಸ ನಿಯಮಕ್ಕೊಂದು ಬಾಲವಿತ್ತು. ಮನೆಯಿಂದ ಬರುವ ಸದಸ್ಯರ ಕೋಣೆಯಲ್ಲಿ ಬೇರೆ ದೊಡ್ಡವರು ಯಾರಾದರೂ ಇದ್ದರೆ, ಅವರು ತನಗೆ ಏನಾಗಬೇಕು ಅನ್ನುವುದನ್ನು ಮತ ಹಾಕುವ ಮೊದಲು ಎಲ್ಲರೆದುರು ಹೇಳಬೇಕು. ಕೇಳುವ ಕೆಲಸ ಕ್ಲರ್ಕಿನದು.

"ಸದಸ್ಯೆ ಪೆಲ್ಕಿಯವರೇ, ಹದಿನೆಂಟು ದಾಟಿದವರು ಯಾರಾದರೂ ನಿಮ್ಮ ಜೊತೆ ಕೋಣೆಯಲ್ಲಿದ್ದಾರೆಯೇ?"

ಮೊದಲ ಸಲ ಅವಳು ಕತ್ತು ತಿರುಗಿಸಿ ಹಿಂದೆ ನೋಡಿದಳು. ಕುರ್ಚಿಗಳು ಇರಲಿಲ್ಲ. "ಯಾರೂ ಇಲ್ಲ," ಅಂದಳು. ನಾನು ಬರೆದುಕೊಂಡೆ. ಮುಂದಿನ ತಿಂಗಳೂ ಕೇಳಿದೆ, ಅದರ ಮುಂದಿನ ತಿಂಗಳೂ. ಯಾರೂ ಇಲ್ಲ ಅನ್ನುವುದನ್ನು ಊರೆದುರು ಅವಳ ಬಾಯಲ್ಲೇ ಹೇಳಿಸಿ ದಾಖಲೆ ಮಾಡುವ ಕೆಲಸಕ್ಕೆ ನನಗೆ ಸಂಬಳ. ಹೋಗಿ ಜೊತೆಗೆ ಕೂರೋಣವೆಂದರೆ ಆ ಹೊತ್ತಿಗೆ ನಾನು ಸಭಾಂಗಣದಲ್ಲಿ ಇರಲೇಬೇಕು.

ಡೆಲಿಯೋ ಈಗ ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ನಾನು ಆ ಪ್ರಶ್ನೆ ಕೇಳುವಾಗ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಒಂದು ದಿನ ಪುರಸಭೆಯ ಅಂಗಳದಲ್ಲಿ ಅವನನ್ನು ಹಿಡಿದೆ.

"ನೀನು ಅವಳ ಮನೆಗೆ ಹೋಗಲ್ವಾ ಈಗ?"

"ನೋಟೀಸಿದ್ರೆ ಅದು ಸಭೆ, ನನಗೆ ಹಕ್ಕಿತ್ತು. ಈಗ ಅದು ಹೆಂಗಸೊಬ್ಬಳ ಮನೆ. ಏನಂತ ಹೋಗ್ಲಿ?"

"ಕಾಫಿ ಕುಡಿಯೋಕೆ ಬಂದೆ ಅನ್ನು."

"ಸಭೆ ಮುಗಿದ್ಮೇಲೂ ಒಂದೊಂದು ಗಂಟೆ ಕೂತು ಜಗಳ ಆಡ್ತಿದ್ವಿ, ಗೊತ್ತಾ? ಲೋಟ ನಾನೇ ತೊಳೀತಿದ್ದೆ. ನೀನು ಬಾಗಿಲು ಹಾಕಿಸಿದೆ, ನೋರೀನ್." ಅಷ್ಟು ಹೇಳಿ ಪಿಕಪ್ ಹತ್ತಿ ಹೋದ.

ಡಿಸೆಂಬರ್ ಸಭೆಯಲ್ಲೂ ಅದನ್ನೇ ಕೇಳಿದೆ. "ಯಾರೂ ಇಲ್ಲ" ಅಂದಳು, ಕೆಮ್ಮಿದಳು. ಕೆಮ್ಮು ನಿಲ್ಲಲೇ ಇಲ್ಲ, ನೀರು ಕೊಡೋಕೂ ಅಲ್ಲಿ ಯಾರಿಲ್ಲ. ಇಡೀ ಸಭಾಂಗಣ ತೆರೆ ನೋಡುತ್ತಿತ್ತು. ಡೆಲಿಯೋ ಎದ್ದು ಹೊರಗೆ ನಡೆದ. ಅವಳ ಮನೆ ಎಂಟು ನಿಮಿಷದ ದಾರಿ. ನಾನು ತೆರೆಯಿಂದ ಕಣ್ಣು ಕೀಳಲಿಲ್ಲ. ಆವತ್ತಿನ ನಡಾವಳಿ ಪೂರ್ತಿ ತಪ್ಪುತಪ್ಪಾಗಿದೆ. ಏಳೂವರೆಗೆ ಸಭೆ ಮುಗಿಯಿತು. ಅವಳ ಹಿಂದೆ ಯಾರೂ ಬಂದು ಕೂರಲಿಲ್ಲ.

ಮರುದಿನ ಅವಳ ಮನೆಗೆ ಹೋದೆ.

"ನಿನ್ನೆ ಯಾರದೋ ಗಾಡಿ ಗೇಟಿನ ಹತ್ರ ಬಹಳ ಹೊತ್ತು ನಿಂತಿತ್ತು," ಅಂದಳು. "ನೀನು ಏನಾದ್ರೂ ಕಾಗದ ಕಳಿಸಿದ್ಯೇನೋ ಅನ್ಕೊಂಡೆ."

"ಅದು ಡೆಲಿಯೋ, ಆರ್ಡಿಸ್."

ಅವಳು ಕೊಳವೆ ಸರಿಮಾಡಿಕೊಂಡಳು. "ಎಂಜಿನ್ ಸದ್ದಲ್ಲೇ ಗೊತ್ತಾಗಿತ್ತು ಬಿಡು. ತಟ್ಟೋಕೆ ಅವನಿಗೆ ಕೈ ಇತ್ತು. ತೆಗೆಯೋಕೆ ನನಗೂ ಇತ್ತು."

"ತಪ್ಪು ನಂದು. ಎಲ್ಲಾ ಮೊದಲಿನ ಹಾಗೇ ಮಾಡಿಸ್ತೀನಿ, ಹೊಸ ಠರಾವು ಬರೀತೀನಿ."

"ಬೇಡ ಮಾರಾಯ್ತಿ. ಆರ್ಡಿಸ್ ಮನೆಗೆ ಜನ ಬರ್ಲಿ ಅಂತ ಠರಾವು ಮಾಡಿ, ಕೈ ಎತ್ತಿಸಿ, ಮೂರು ಪರ ಎರಡು ವಿರೋಧ ಅಂತ ಪಾಸು ಮಾಡಿಸ್ತೀಯಾ? ಅಷ್ಟು ಮರ್ಯಾದೆ ಆದ್ರೂ ಉಳಿಸು. ನನ್ನ ಬಾಗಿಲ ವಿಷಯಕ್ಕೆ ಊರಲ್ಲಿ ಎಲ್ಲರನ್ನೂ ಕೇಳಿದೆ, ನನ್ನೊಬ್ಬಳನ್ನ ಬಿಟ್ಟು."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

ಜನವರಿ ಸಭೆಗೆ ಡೆಲಿಯೋ ಬರಲಿಲ್ಲ. ಇನ್ನು ಬರುವುದೂ ಇಲ್ಲವಂತೆ. ಮತ ಹಾಕುವ ಹೊತ್ತು ಬಂತು. ನಾನು ಕಾಗದ ಎತ್ತಿಕೊಂಡು, "ಸದಸ್ಯೆ ಪೆಲ್ಕಿಯವರೇ," ಅಂದೆ. ಮುಂದಿನದನ್ನು ಓದದೆ ಕಾಗದ ಕೆಳಗಿಟ್ಟೆ. ತೆರೆಯ ಮೇಲೆ ಅವಳು ನನ್ನನ್ನೇ ನೋಡುತ್ತಿದ್ದಳು.

"ಯಾರೂ ಇಲ್ಲ ನೋರೀನ್, ಬರ್ಕೋ," ಅಂದಳು.