ಕೆಂಪು ಗೆರೆಯ ಕೆಳಗಿನ ಲಿಂಗಮ್ಮ

1931ರ ಜನಗಣತಿಯ ಹೊತ್ತಿಗೆ ನಾನು ಸೇಲಂನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ವಯಸ್ಸು ಇಪ್ಪತ್ತನಾಲ್ಕು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಗಣತಿದಾರರಾಗಿ ಮೇಷ್ಟ್ರುಗಳನ್ನೇ ಹಿಡಿಯುತ್ತಿದ್ದ ಕಾಲ ಅದು. ನನ್ನ ಪಾಲಿಗೆ ಬಂದದ್ದು ಪೇಟೆಯ ನಡುವೆ, ನೂಲಂಗಡಿಗಳ ಹಿಂದೆ ಎದ್ದಿದ್ದ ಹೊಸ ಬಡಾವಣೆ. ಒಟ್ಟು ಮೂವತ್ತೆಂಟು ಮನೆ. ನೇಕಾರರ ಕೇರಿಯಲ್ಲಿ ಹುಟ್ಟಿದ ನನಗೆ ಆ ಬೀದಿ ಸಿಕ್ಕಿದ್ದು ದೊಡ್ಡ ಮರ್ಯಾದೆಯಾಗಿ ಕಂಡಿತ್ತು. ಇಸ್ತ್ರಿ ಮಾಡಿದ ಕೋಟು ತೊಟ್ಟೇ ಹೋದೆ.

ನಮ್ಮ ಕೇರಿಯಲ್ಲಿ ಒಂದು ಕೋಣೆಗೆ ಎರಡು ಸಂಸಾರ. ಇಲ್ಲಿ ಒಬ್ಬೊಬ್ಬರಿಗೆ ಎರಡು ಕೋಣೆ. ಎಷ್ಟೋ ಮನೆಗಳಲ್ಲಿ ಮಕ್ಕಳಿಗಿಂತ ಆಳುಗಳೇ ಹೆಚ್ಚು. ವಕೀಲರು, ನೂಲು ವರ್ತಕರು, ಬಾಡಿಗೆಯಲ್ಲೇ ಬದುಕುವವರು. ಮೂರು ಮನೆಗಳಲ್ಲಿ ಮೋಟಾರು, ಒಂದರಲ್ಲಿ ಗ್ರಾಮಫೋನು. ಮಾತೃಭಾಷೆಯ ಕಲಮಿಗೆ ಬಂದಾಗ ಜಗುಲಿಯ ಮೇಲಿನ ಯಜಮಾನರು ತಮಿಳು ಎಂದು ಬರೆಸುವುದು, ಅದೇ ಹೊತ್ತಿಗೆ ಒಳಗಿನಿಂದ ಅಪ್ಪಟ ಕನ್ನಡದಲ್ಲಿ ಕಾಫಿಗೆ ಕರೆ ಬರುವುದು! ಅಡುಗೆಯವಳನ್ನೂ ಎಣಿಸುತ್ತೇನೆಂದರೆ ಕೆಲವರಿಗೆ ನಗು. ನನಗೆ ಮಾತ್ರ ಒಬ್ಬರನ್ನೂ ಬಿಡಬಾರದೆಂಬ ಹಟ.

ಜನವರಿಯಲ್ಲಿ ಮೊದಲ ಸುತ್ತು. ಚೌಡಯ್ಯ ಚೆಟ್ಟಿಯಾರ್ ಎಂಬ ನೂಲು ವರ್ತಕರ ಮನೆಗೆ ಹೋದಾಗ ಅವರು ಅಂಗಡಿಯಲ್ಲಿದ್ದರು. ಮನೆಯವರು ಎಂಟು ಹೆಸರು ಹೇಳಿದರು. ಬರೆದು ಮುಗಿಸುವಷ್ಟರಲ್ಲಿ ಹಿತ್ತಲಿಂದ ಮಗ್ಗದ ಸದ್ದು ಕೇಳಿಸಿತು. ನಮ್ಮ ನೇಕಾರ ಕುಲದವರಲ್ಲಿ ಕೆಲವರು ಎಷ್ಟೇ ಮೇಲೆ ಬಂದರೂ ಹಳೆಯ ಮಗ್ಗವೊಂದನ್ನು ಪೂಜೆಗೆಂದು ಉಳಿಸಿಕೊಳ್ಳುತ್ತಿದ್ದರು. ಆದರೆ ಈ ಮಗ್ಗ ನಡೆಯುತ್ತಿತ್ತು. ನಾಲ್ಕು ಏಟು ಬಿದ್ದು ನಿಲ್ಲುವುದು, ತುಂಬ ಹೊತ್ತು ಸದ್ದಿಲ್ಲ, ಮತ್ತೆ ನಾಲ್ಕು ಏಟು. ನೇಕಾರನ ಮಗನಿಗೆ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಹರಿದ ಎಳೆಗೆ ಗಂಟು ಹಾಕಲು ಆ ಬೆರಳುಗಳಿಗೆ ಆಗುತ್ತಿಲ್ಲ.

ಯಾರೂ ತಡೆಯುವ ಮೊದಲೇ ಹಿತ್ತಲಿಗೆ ಹೋದೆ. ಕೊಟ್ಟಿಗೆಯಂಥ ಕೋಣೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸು. ಚೆಟ್ಟಿಯಾರರ ಅಕ್ಕ ಲಿಂಗಮ್ಮ. ಕೈ ನೋಡಿದೊಡನೆ ದೊಡ್ಡರೋಗವೆಂದು ತಿಳಿಯಿತು. ಕುಷ್ಠವನ್ನು ನಮ್ಮ ಕಡೆ ಹಾಗೇ ಅನ್ನುವುದು. ನನ್ನನ್ನು ಕಂಡು ಅವರು ಅಂಜಲಿಲ್ಲ.

"ಯಾರ ಮಗನ್ಲಾ ನೀನು?" ಎಂದರು. ಅಪ್ಪನ ಹೆಸರು ಹೇಳಿದೆ. ಅಪ್ಪ ಇವರ ತಮ್ಮನ ಅಂಗಡಿಯ ನೂಲಿನಲ್ಲೇ ನೇಯುತ್ತಿದ್ದ. ಬಂದ ಕೆಲಸ ವಿವರಿಸಿದೆ.

"ಅಂಗಾದ್ರೆ ಬರ್ಕೋ. ಲಿಂಗಮ್ಮ, ಮಗ್ಗದೋಳು. ಇಲ್ಲೇ ಇವ್ನಿ ಅಂತ ಬರ್ಕೋ."

ಬರೆದೆ. ಕಸುಬು ನೇಯ್ಗೆ, ಭಾಷೆ ಕನ್ನಡ, ಕೊನೆಗೆ ಅಂಗವೈಕಲ್ಯ ಮತ್ತು ರೋಗದ ಜಾಗದಲ್ಲಿ ಕುಷ್ಠ. ಫೆಬ್ರವರಿ ಕೊನೆಯಲ್ಲಿ ಮತ್ತೆ ಬಂದು ಎಲ್ಲರ ಹೆಸರನ್ನೂ ಕೂಗುತ್ತೇನೆ, ಇದ್ದವರು 'ಇವ್ನಿ', ಇದ್ದೇನೆ, ಎಂದು ಉತ್ತರ ಕೊಡಬೇಕು ಎಂದೆ. ಅವರ ಮುಖ ಅರಳಿತು. "ನನ್ನೆಸ್ರೂ ಕೂಗ್ತೀಯಾ?" ಎಂದು ಕೇಳಿದರು. ಕೂಗುತ್ತೇನವ್ವಾ ಎಂದೆ. ಆ ಮನೆಯಲ್ಲಿ ಅವರ ಹೆಸರು ಹಿಡಿದು ಕರೆಯುವವರೇ ಇರಲಿಲ್ಲವೆಂಬುದು ನನಗೆ ಆಮೇಲೆ ಹೊಳೆಯಿತು.

ಅಂತಿಮ ಸುತ್ತಿಗೆ ಎರಡು ದಿನವಿರುವಾಗ ಚೆಟ್ಟಿಯಾರರು ಶಾಲೆಗೇ ಬಂದರು. ಮಗಳಿಗೆ ಸಂಬಂಧ ಕುದುರಿತ್ತು. ವರನ ದೊಡ್ಡಪ್ಪನೇ ನಮ್ಮ ಗಣತಿಯ ಮೇಲ್ವಿಚಾರಕರು. ನನ್ನ ಪುಸ್ತಕವನ್ನು ಪುಟಪುಟವಾಗಿ ಓದುವವರು ಅವರೇ.

"ಮೇಷ್ಟ್ರೇ, ವಾತ್ಯಾರೇ, ಆ ಕಾಯ್ಲೆ ಒಂದು ಅವ್ರ ಕಣ್ಣಿಗೆ ಬೀಳ್ದಂಗೆ ಮಾಡಿ. ಪುಣ್ಣಿಯಮಾ ಪೋಗುಂ, ನಿಮ್ಗೆ ಪುಣ್ಯ ಬತ್ತದೆ," ಎಂದು ಕೈ ಮುಗಿದರು. ಅಷ್ಟು ದೊಡ್ಡ ಮನುಷ್ಯ ನನ್ನಂಥವನಿಗೆ ಕೈ ಮುಗಿದದ್ದು ನೋಡಿ ನನಗೆ ನಾಚಿಕೆಯಾಯಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ಗಣತಿ ಪುಸ್ತಕದ ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಮೊದಲ ಸುತ್ತು ಕಪ್ಪು ಶಾಯಿಯಲ್ಲಿ, ಅಂತಿಮ ತಿದ್ದುಪಡಿ ಕೆಂಪಿನಲ್ಲಿ. ಬರೆದದ್ದನ್ನು ಕೆರೆದು ಅಳಿಸುವಂತಿಲ್ಲ. ಸತ್ತವರ, ಊರು ಬಿಟ್ಟವರ ಸಾಲಿನ ಮೇಲೆ ಉದ್ದಕ್ಕೆ ಕೆಂಪು ಗೆರೆ. ಕುಷ್ಠ ಎಂಬ ಒಂದು ಮಾತನ್ನು ಮಾತ್ರ ಹೊಡೆದರೆ ಅದು ಇನ್ನೂ ಎದ್ದು ಕಾಣುತ್ತದೆ. ಸಾಲು ಹೊಡೆದು ಕೆಳಗೆ ಹೊಸದಾಗಿ ಬರೆದರೆ ಹೀಗೇಕೆಂಬ ಪ್ರಶ್ನೆ ಬರುತ್ತದೆ. ಮನೆಯಲ್ಲಿ ಕುಳಿತು ಯೋಚಿಸಿದೆ. ಖಾಯಂ ಆಗದ ಕೆಲಸ ಕಣ್ಮುಂದೆ ಬಂತು, ಅಪ್ಪನಿಗೆ ಬರುವ ನೂಲು ಕಣ್ಮುಂದೆ ಬಂತು. ರೂಲುಕೋಲಿಟ್ಟು ಲಿಂಗಮ್ಮನ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದೆ. ಬದಿಯಲ್ಲಿ, ತೋಚಿದ ಒಂದು ಊರಿನ ಹೆಸರು ಹಾಕಿ, 'ಕಡಯಂಪಟ್ಟಿಗೆ ಹೋಗಿದ್ದಾರೆ' ಎಂದು ಬರೆದೆ.

ಅಂತಿಮ ಸುತ್ತು ಸಂಜೆ ಏಳಕ್ಕೆ ಶುರುವಾಯಿತು. ಚೆಟ್ಟಿಯಾರರ ಜಗುಲಿಯಲ್ಲಿ ಮನೆಯವರೆಲ್ಲ ಸೇರಿದ್ದರು. ಹೆಸರು ಕೂಗುತ್ತ ಹೋದೆ, ಒಬ್ಬೊಬ್ಬರೂ ಓಗೊಟ್ಟರು. ಎಂಟನೆಯ ಹೆಸರು ಅಡುಗೆಯವಳದು. ಅವಳೂ ಉತ್ತರ ಕೊಟ್ಟಳು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಹಿತ್ತಲಲ್ಲಿ ಆ ಹೊತ್ತು ಮಗ್ಗ ಸುಮ್ಮನಿತ್ತು. ಆಗ ಗೋಡೆಯಾಚೆಯಿಂದ, ಯಾರೂ ಕೂಗದೆಯೇ, ಒಂದು ದನಿ ಬಂತು.

"ಇವ್ನಿ."

ನಾನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದೆ. ಚೆಟ್ಟಿಯಾರರು ಗೇಟಿನ ತನಕ ಬಂದರು. ಅಲ್ಲಿ ನಿಂತು ಮೆಲ್ಲಗೆ ಹೇಳಿದರು: "ಕಾಯ್ಲೆ ಕಾಣ್ಬಾರ್ದು ಅಂದೆ. ನಮ್ಮಕ್ಕನ್ನೇ ತೆಗೀರಿ ಅನ್ಲಿಲ್ವಲ್ಲ ವಾತ್ಯಾರೇ."

ಪುಸ್ತಕ ಒಪ್ಪಿಸಲು ಇನ್ನೂ ಸಮಯವಿತ್ತು. ಕೆಂಪು ಪೆನ್ನು ಜೇಬಿನಲ್ಲೇ ಇತ್ತು. ಮುಂದಿನ ಮನೆಗೆ ತಡವಾಗುತ್ತದೆಂದು ಹೇಳಿ ಹೊರಟುಬಿಟ್ಟೆ. ಬಡಾವಣೆಯ ಲೆಕ್ಕ ಇನ್ನೂರ ಹನ್ನೊಂದು ಎಂದು ಒಪ್ಪಿಸಿದೆ. ನಿಜವಾಗಿ ಇನ್ನೂರ ಹನ್ನೆರಡು. ಮದುವೆ ಚೆನ್ನಾಗಿ ನಡೆಯಿತು, ನನ್ನ ಕೆಲಸ ಖಾಯಂ ಆಯಿತು. ಆ ವರ್ಷ ಮುಗಿಯುವ ಮುಂಚೆ ಲಿಂಗಮ್ಮ ತೀರಿಕೊಂಡರು. ಸುದ್ದಿ ತಂದವನು ಅಪ್ಪ. ನನಗೆ ಮಾತ್ರ ಅವರು ಫೆಬ್ರವರಿಯಲ್ಲೇ, ನನ್ನ ರೂಲುಕೋಲಿನ ಅಡಿಯಲ್ಲೇ ಸತ್ತರೆಂದು ಇವತ್ತಿಗೂ ಅನ್ನಿಸುತ್ತದೆ.

ಆಮೇಲೆ ಮೂವತ್ತು ವರ್ಷ ದಿನವೂ ಬೆಳಿಗ್ಗೆ ತರಗತಿಯಲ್ಲಿ ಹಾಜರಿ ಕೂಗಿದೆ. ಕೊನೆಯ ಹೆಸರಿನ ನಂತರ ಪುಸ್ತಕ ಮುಚ್ಚಲು ಕೈ ಬರುತ್ತಿರಲಿಲ್ಲ, ಸ್ವಲ್ಪ ಹೊತ್ತು ಹಾಗೇ ಕಿವಿಗೊಟ್ಟು ಕೂರುತ್ತಿದ್ದೆ. ಮೇಷ್ಟ್ರಿಗೆ ಮರೆವು ಎಂದು ಮಕ್ಕಳು ನಗುತ್ತಿದ್ದರು. ಎಣಿಸುವ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹೆಸರು ಕೂಗುತ್ತೇನೆಂದು ಮಾತು ಕೊಟ್ಟ ಮೇಲೆ ಕೂಗಿಬಿಡಬೇಕು. ಉತ್ತರ ಕೊಡಲು ಅವರು ಮಗ್ಗ ನಿಲ್ಲಿಸಿ ಕಾದಿರುತ್ತಾರೆ.